ಹುಲ್ಲಿನ ಬೆನ್ನುಹತ್ತಿದ ಹಿಂಡುಗಳು: ಸೆರೆಂಗೆಟಿ ಮಹಾವಲಸೆಯ ಅಪಾಯಗಳು

ವಲಸೆಯ ಸ್ವರೂಪ

ಒಂದು ಪ್ರಾಣಿಸಮೂಹವು ಋತುಮಾನಕ್ಕೆ ಅನುಗುಣವಾಗಿ ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗಿ, ಮತ್ತೆ ಮೊದಲ ನೆಲೆಗೇ ಮರಳುವುದನ್ನು ವಲಸೆ ಎನ್ನುತ್ತಾರೆ. ಮೇವು ಹುಡುಕುತ್ತ ಅಲೆಯುವುದು ಬೇರೆ, ವಲಸೆ ಬೇರೆ. ವಲಸೆಗೆ ಒಂದು ಕಾಲವಿದೆ, ದಿಕ್ಕಿದೆ, ಮರಳುವ ನಿಯಮವಿದೆ. ನೆಲದ ಮೇಲೆ ನಡೆಯುವ ಪ್ರಾಣಿಗಳ ವಲಸೆಗಳಲ್ಲಿ ಅತ್ಯಂತ ಹೆಸರಾದದ್ದು ಪೂರ್ವ ಆಫ್ರಿಕಾದ ಸವನ್ನಾದಲ್ಲಿ, ಎಂದರೆ ಅಲ್ಲಲ್ಲಿ ಮರಗಳಿರುವ ಉಷ್ಣವಲಯದ ವಿಶಾಲ ಹುಲ್ಲುಗಾವಲಿನಲ್ಲಿ, ಪ್ರತಿವರ್ಷ ನಡೆಯುತ್ತದೆ. ತಾಂಜಾನಿಯದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ, ಅದರ ಆಗ್ನೇಯಕ್ಕಿರುವ ಗೊರೊಂಗೊರೊ ಸಂರಕ್ಷಿತ ಪ್ರದೇಶ, ಉತ್ತರಕ್ಕೆ ಕೀನ್ಯಾದ ಮಸಾಯ್ ಮಾರಾ ಮೀಸಲು ಪ್ರದೇಶ, ಇವುಗಳ ಅಂಚಿನ ಗೋಮಾಳಗಳು, ಎಲ್ಲವೂ ಸೇರಿ ಸುಮಾರು 25,000 ಚದರ ಕಿಲೋಮೀಟರು ಈ ವಲಸೆಯ ರಂಗಭೂಮಿ. 1951ರಲ್ಲಿ ಸ್ಥಾಪನೆಯಾದ ಸೆರೆಂಗೆಟಿ ಉದ್ಯಾನವೊಂದೇ 14,763 ಚದರ ಕಿಲೋಮೀಟರು ವಿಸ್ತಾರವಾಗಿದೆ. ಮಸಾಯ್ ಜನರ ಭಾಷೆಯಲ್ಲಿ ಈ ಹೆಸರಿಗೆ ಕೊನೆಯಿಲ್ಲದ ಬಯಲು ಎಂಬ ಅರ್ಥವಿದೆ.

ವಲಸೆಯ ಮುಖ್ಯ ಪಾತ್ರಧಾರಿ ವೈಲ್ಡ್‌ಬೀಸ್ಟ್. ಸ್ವಾಹಿಲಿ ಭಾಷೆಯಲ್ಲಿ ಇದು ನ್ಯುಂಬು. ಭುಜ ಎತ್ತರ, ಬೆನ್ನು ಇಳಿಜಾರು, ಉದ್ದನೆಯ ಮುಖ, ಗದ್ದದ ಕೆಳಗೆ ಬಿಳಿ ಗಡ್ಡ, ಎತ್ತಿನಂಥ ಕೋಡು. ನೋಟಕ್ಕೆ ಹಲವು ಪ್ರಾಣಿಗಳ ತುಣುಕುಗಳನ್ನು ಜೋಡಿಸಿದಂತೆ ಕಂಡರೂ ಇದು ಜಿಂಕೆಯಲ್ಲ, ದನವೂ ಅಲ್ಲ. ರಾಣೆಬೆನ್ನೂರಿನ ಬಯಲಿನಲ್ಲಿ ಕಾಣುವ ಕೃಷ್ಣಮೃಗದಂತೆ ಉದುರದ ಕೋಡುಗಳುಳ್ಳ ಆಂಟಿಲೋಪ್ ಬಳಗದ್ದು. ವಿಮಾನದಿಂದ ನಡೆಸುತ್ತ ಬಂದಿರುವ ಗಣತಿಗಳ ಪ್ರಕಾರ ಇವುಗಳ ಸಂಖ್ಯೆ ಸುಮಾರು 13 ಲಕ್ಷ. ಜೊತೆಗೆ 2 ಲಕ್ಷದಷ್ಟು ಜೀಬ್ರಾಗಳೂ ಕೆಲವು ಲಕ್ಷ ಥಾಮ್ಸನ್ ಗಜೆಲ್‌ಗಳೂ ನಡೆಯುತ್ತವೆ.

ಈ ವಲಸೆಯೆಂದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ಒಂದೇ ಚಿತ್ರ: ಕಡಿದಾದ ದಂಡೆಯಿಂದ ನೀರಿಗೆ ಧುಮುಕುವ ಹಿಂಡು, ಕಾದು ಕುಳಿತ ಮೊಸಳೆ. ಚಿತ್ರ ಸುಳ್ಳಲ್ಲ. ಆದರೆ ಒಂದು ಪ್ರಾಣಿಯನ್ನು ಕೊಲ್ಲುವ ಅಪಾಯ ಬೇರೆ, ವಲಸೆಯನ್ನೇ ಕೊಲ್ಲುವ ಅಪಾಯ ಬೇರೆ. ಮೊಸಳೆ, ಸಿಂಹ, ಪ್ರವಾಹಗಳು ಮೊದಲನೆಯ ಬಗೆಯವು. ಇವುಗಳ ನಡುವೆಯೇ ಹಿಂಡು ಬೆಳೆದು ಬಂದಿದೆ. ಎರಡನೆಯ ಬಗೆಯ ಅಪಾಯಗಳು ಹಲ್ಲು ತೋರಿಸುವುದಿಲ್ಲ. ತಂತಿಬೇಲಿ, ಗೋದಿಯ ಹೊಲ, ಡಾಂಬರು ರಸ್ತೆ, ಬಹು ದೂರದಲ್ಲಿ ಕಡಿದ ಕಾಡು, ಇವೇ ಅವು.

ಹಿಂಡು ನಡೆಯುವುದೇಕೆ

ಅಪಾಯ ಅರ್ಥವಾಗಬೇಕಾದರೆ ನಡಿಗೆಯ ಕಾರಣ ಮೊದಲು ತಿಳಿಯಬೇಕು. ಸೆರೆಂಗೆಟಿಯ ಆಗ್ನೇಯ ಭಾಗದ ಬಯಲುಗಳ ಮಣ್ಣು ಜ್ವಾಲಾಮುಖಿಯ ಬೂದಿಯಿಂದಾದದ್ದು. ಅಲ್ಲಿಗೆ ಸಮೀಪದ ಓಲ್ ಡೊಯ್ನ್ಯೊ ಲೆಂಗಾಯ್ ಇಂದಿಗೂ ಜೀವಂತ ಜ್ವಾಲಾಮುಖಿ. ಮಸಾಯ್ ಜನರಿಗೆ ಅದು ದೇವರ ಬೆಟ್ಟ. ಬೂದಿಮಣ್ಣಿನ ಕೆಳಗೆ ಗಟ್ಟಿಯಾದ ಪದರವಿರುವುದರಿಂದ ಮರಗಳು ಬೇರೂರಲಾರವು. ಹುಲ್ಲು ಮೋಟಾಗಿಯೇ ಬೆಳೆಯುತ್ತದೆ, ಆದರೆ ಅದರಲ್ಲಿ ಸುಣ್ಣದ ಅಂಶವೂ ರಂಜಕವೂ ಸಮೃದ್ಧವಾಗಿರುತ್ತವೆ. ಗರ್ಭ ಹೊತ್ತ, ಹಾಲೂಡುವ ತಾಯಿಗೆ ಇದಕ್ಕಿಂತ ಒಳ್ಳೆಯ ಮೇವಿಲ್ಲ.

ಈ ಬಯಲಿನಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮೇ ತಿಂಗಳ ಹೊತ್ತಿಗೆ ಮಳೆ ನಿಂತರೆ ಹುಲ್ಲು ಒಣಗಿ, ಹೊಂಡಗಳ ನೀರು ಉಪ್ಪಾಗುತ್ತದೆ. ಉತ್ತರದಲ್ಲಿ ಮಾರಾ ನದಿಯ ಸುತ್ತ ಮಳೆ ಹೆಚ್ಚು, ಹುಲ್ಲು ಎತ್ತರ, ಸತ್ವ ಕಡಿಮೆ. ಬೇಸಗೆಯಲ್ಲಿ, ಎಂದರೆ ಮಳೆಯಿಲ್ಲದ ಈ ತಿಂಗಳುಗಳಲ್ಲಿ, ಸಿಗುವ ಹಸಿರೆಂದರೆ ಅದೊಂದೇ. ಹೀಗಾಗಿ ಹಿಂಡು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ದಕ್ಷಿಣದ ಬಯಲಿನಲ್ಲಿದ್ದು, ಮೇ-ಜೂನ್‌ನಲ್ಲಿ ಪಶ್ಚಿಮದ ಗ್ರುಮೆಟಿ ನದಿಯ ಕಡೆಗೆ ಸಾಗಿ, ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ ಉಳಿದು, ನವೆಂಬರಿನ ಮಳೆಯೊಂದಿಗೆ ಮತ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಪಂಚಾಂಗದಂತೆ ಇದು ನಿಖರವಲ್ಲ. ಮಳೆ ತಡವಾದರೆ ಹಿಂಡೂ ತಡ.

ನಡೆಯುವ ಕ್ರಮದಲ್ಲಿಯೂ ಒಂದು ಜಾಣತನವಿದೆ. ಮೆಲುಕು ಹಾಕದ ಜೀಬ್ರಾ ಒರಟು ಕಾಂಡವನ್ನೂ ಜೀರ್ಣಿಸಿಕೊಳ್ಳಬಲ್ಲದು, ಆದ್ದರಿಂದ ಎತ್ತರದ ಹುಲ್ಲಿಗೆ ಅದು ಮೊದಲು ಬಾಯಿ ಹಾಕುತ್ತದೆ. ಕೆಳಗಿನ ಎಲೆ ವೈಲ್ಡ್‌ಬೀಸ್ಟ್‌ಗೆ ಸಿಗುತ್ತದೆ. ಅವೆರಡೂ ಹೋದ ಮೇಲೆ ಚಿಗುರುವ ಎಳೆಯ ಹುಲ್ಲು ಪುಟ್ಟ ಗಜೆಲ್‌ಗಳ ಪಾಲು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಇದೇ ಪ್ರದೇಶದಲ್ಲಿ ವಲಸೆ ಹೋಗದೆ ಒಂದೇ ಕಡೆ ನೆಲೆಸಿರುವ ವೈಲ್ಡ್‌ಬೀಸ್ಟ್‌ಗಳೂ ಇವೆ. ವಲಸೆಯ ಹಿಂಡಿನ ಮುಂದೆ ಅವುಗಳ ಸಂಖ್ಯೆ ಅತ್ಯಲ್ಪ. ನಡೆಯುವ ಹಿಂಡು ಒಂದು ನೆಲದ ಹುಲ್ಲು ಮುಗಿಯುವ ಮೊದಲೇ ಮುಂದಕ್ಕೆ ಹೋಗುತ್ತದೆ, ಮರಿಗಳನ್ನು ಬಿಟ್ಟು ಬರಲಾರದ ಸಿಂಹಿಣಿ ಅದರ ಬೆನ್ನು ಹತ್ತಲಾರಳು. ಎಂದರೆ, ಹಿಂಡು ದೊಡ್ಡದಾಗಿರುವುದಕ್ಕೆ ಅದರ ನಡಿಗೆಯೇ ಕಾರಣ. ದಾರಿ ಕಟ್ಟಿದರೆ ಹಿಂಡು ಇದ್ದಲ್ಲಿಯೇ ಇದ್ದು ಬದುಕಿಕೊಳ್ಳುತ್ತದೆ ಎಂದು ಭಾವಿಸುವುದು ತಪ್ಪು. ಹಾಗೆ ಬದುಕುವುದು ಅದರ ಒಂದು ಚೂರು ಮಾತ್ರ.

ಹುಟ್ಟಿನ ಮೂರು ವಾರಗಳು

ಫೆಬ್ರವರಿಯ ಸುಮಾರಿಗೆ ಎನ್ಡುಟು ಸರೋವರದ ಸುತ್ತಲಿನ ಬಯಲಿನಲ್ಲಿ ನಾಲ್ಕೈದು ಲಕ್ಷ ಕರುಗಳು ಹುಟ್ಟುತ್ತವೆ. ಇವುಗಳಲ್ಲಿ ಹೆಚ್ಚಿನವು ಎರಡು-ಮೂರು ವಾರಗಳ ಅವಧಿಯಲ್ಲಿಯೇ ಹುಟ್ಟುವುದು ಆತ್ಮರಕ್ಷಣೆಯ ಉಪಾಯ. ಚುಕ್ಕೆ ಕತ್ತೆಕಿರುಬ, ಸಿಂಹ, ಚೀತಾ, ನರಿಗಳು ಎಷ್ಟೇ ತಿಂದರೂ ಹೊಟ್ಟೆ ತುಂಬಿದ ಮೇಲೆ ನಿಲ್ಲಲೇಬೇಕು. ಉಳಿದ ಕರುಗಳು ಅಷ್ಟರಲ್ಲಿ ಓಡಲು ಕಲಿತಿರುತ್ತವೆ. ಋತುವಿಗೆ ಮೊದಲೋ ಅನಂತರವೋ ಒಂಟಿಯಾಗಿ ಹುಟ್ಟಿದ ಕರು ಬದುಕುವ ಸಂಭವ ಕಡಿಮೆ.

ಕರು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ, ಒಂದೆರಡು ದಿನಗಳಲ್ಲಿ ಹಿಂಡಿನ ವೇಗಕ್ಕೆ ಓಡುತ್ತದೆ. ಆ ಮೊದಲ ಗಂಟೆಗಳಲ್ಲಿ ತಾಯಿ-ಕರು ಪರಸ್ಪರ ವಾಸನೆಯನ್ನೂ ಕೂಗನ್ನೂ ಗುರುತು ಹಿಡಿಯಬೇಕು. ಹಿಂಡು ಬೆದರಿ ಓಡಿದಾಗ, ಹೊಂಡ ದಾಟುವಾಗ ಕರು ತಪ್ಪಿಸಿಕೊಂಡರೆ ಅದರ ಕಥೆ ಮುಗಿದಂತೆಯೇ, ಏಕೆಂದರೆ ಬೇರೆ ತಾಯಿ ಅದಕ್ಕೆ ಹಾಲು ಕೊಡುವುದಿಲ್ಲ. ದಾರಿ ತಪ್ಪಿದ ಕರು ಎದುರಿಗೆ ಕಂಡ ಯಾವುದರ ಹಿಂದೆಯಾದರೂ ಹೋಗುತ್ತದೆ, ಕೆಲವೊಮ್ಮೆ ಮೋಟಾರು ವಾಹನದ ಹಿಂದೆ. ಈ ವಲಸೆಯ ನಿಜವಾದ ಕರುಣಾಜನಕ ದೃಶ್ಯವೆಂದರೆ ಇದು, ಮೊಸಳೆಯ ಬಾಯಲ್ಲ.

ಮಾರಾ ನದಿ

ಮಾರಾ 395 ಕಿಲೋಮೀಟರು ಉದ್ದದ ನದಿ. ಕೀನ್ಯಾದ ಎತ್ತರದ ಕಾಡುಗಳಲ್ಲಿ ಹುಟ್ಟಿ, ಮಸಾಯ್ ಮಾರಾ ಮತ್ತು ಉತ್ತರ ಸೆರೆಂಗೆಟಿಯ ಮೂಲಕ ಹರಿದು ವಿಕ್ಟೋರಿಯಾ ಸರೋವರವನ್ನು ಸೇರುತ್ತದೆ. ಹಿಂಡು ಇದನ್ನು ಒಂದೇ ಸಲ ದಾಟಿ ಮುಗಿಸುವುದಿಲ್ಲ. ಎಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿತೋ ಆ ದಂಡೆಗೆ ಹೋಗುತ್ತದೆ, ಮತ್ತೆ ಬರುತ್ತದೆ. ನಾಲ್ಕು ತಿಂಗಳಲ್ಲಿ ಒಂದೇ ಪ್ರಾಣಿ ಹಲವು ಸಲ ನದಿ ದಾಟಬಹುದು.

ಇಲ್ಲಿ ಸಾಯುವ ಪ್ರಾಣಿಗಳಲ್ಲಿ ಹೆಚ್ಚಿನವು ಮೊಸಳೆಗೆ ಬಲಿಯಾಗುವುದಿಲ್ಲ, ಮುಳುಗಿ ಸಾಯುತ್ತವೆ. ಮೇಲಿನ ಕಾಡಿನಲ್ಲಿ ಮಳೆಯಾಗಿ ಹೊಳೆ ಏರಿರುತ್ತದೆ. ಮುಂದಿನವು ಎದುರು ದಂಡೆ ಹತ್ತಲಾರದೆ ಹಿಂದಕ್ಕೆ ತಿರುಗುತ್ತವೆ, ಹಿಂದಿನವು ತಳ್ಳುತ್ತಲೇ ಇರುತ್ತವೆ. ಈ ಒತ್ತಡದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಪ್ರಾಣಿಗಳು ಒಂದೇ ದಿನ ಮುಳುಗುತ್ತವೆ. 2007ರಲ್ಲಿ ಹೀಗೆ ಸುಮಾರು 10,000 ಪ್ರಾಣಿಗಳು ಸತ್ತವು.

ಈ ಸಾವುಗಳ ಲೆಕ್ಕವನ್ನು ಶ್ರಮವಹಿಸಿ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವರ್ಷಕ್ಕೆ ಸರಾಸರಿ 6,250 ಶವಗಳು ಮಾರಾ ನದಿಯನ್ನು ಸೇರುತ್ತವೆ; ತೂಕದಲ್ಲಿ 1,100 ಟನ್, ಹತ್ತು ನೀಲಿ ತಿಮಿಂಗಿಲಗಳಷ್ಟು. ಮೊಸಳೆಗಳು ತಿನ್ನುವುದು ಇದರಲ್ಲಿ ಅತ್ಯಲ್ಪ ಪಾಲು. ರಣಹದ್ದುಗಳೂ ಮರಬೂ ಕೊಕ್ಕರೆಗಳೂ ಸ್ವಲ್ಪ ತಿನ್ನುತ್ತವೆ. ಉಳಿದ ಮಾಂಸ ಕೆಲವು ವಾರಗಳಲ್ಲಿ ಕೊಳೆತು ನೀರಿಗೆ ಸತ್ವವಾಗಿ ಸೇರುತ್ತದೆ, ಮೀನುಗಳ ಆಹಾರವಾಗುತ್ತದೆ. ಮೂಳೆಗಳು ಕರಗಲು 7 ವರ್ಷ ಬೇಕು. ಅಷ್ಟು ಕಾಲವೂ ಅವುಗಳ ಮೇಲೆ ಬೆಳೆಯುವ ಪಾಚಿಯ ಪದರ ಮೀನುಗಳನ್ನು ಸಾಕುತ್ತದೆ. ನದಿಯಲ್ಲಿ ಸತ್ತ ಹಿಂಡು ನದಿಯನ್ನು ಬದುಕಿಸುತ್ತದೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ, ಅಳೆದು ತೂಗಿದ ಸತ್ಯ.

ಹದಿಮೂರು ಲಕ್ಷದಲ್ಲಿ ಆರು ಸಾವಿರವೆಂದರೆ ಶೇಕಡಾ ಅರ್ಧದಷ್ಟು. ಹಿಂಡು ಇದನ್ನು ಒಂದೇ ಹೆರಿಗೆಯ ಋತುವಿನಲ್ಲಿ ಎಷ್ಟೋ ಪಟ್ಟು ತುಂಬಿಕೊಳ್ಳುತ್ತದೆ. ದಾಟುವ ಜಾಗದಲ್ಲಿ ಸಾಲುಗಟ್ಟಿ ನಿಂತು ದಾರಿ ಮುಚ್ಚುವ ಪ್ರವಾಸಿ ವಾಹನಗಳು ಮಾತ್ರ ಈ ಹಳೆಯ ಅಪಾಯಕ್ಕೆ ಹೊಸದಾಗಿ ಸೇರಿವೆ. ಸುಲಭದ ಇಳಿಜಾರು ಮುಚ್ಚಿಹೋದರೆ ಹಿಂಡು ಕಡಿದಾದ ದಂಡೆಯಿಂದ ಹಾರುತ್ತದೆ. ಒಂದು ಛಾಯಾಚಿತ್ರಕ್ಕಾಗಿ ಹೀಗೆ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಸಿವು ಎಂಬ ಹಂತಕ

ಹಾಗಾದರೆ ಹೆಚ್ಚಿನ ವೈಲ್ಡ್‌ಬೀಸ್ಟ್‌ಗಳು ಸಾಯುವುದು ಹೇಗೆ? ಸೆರೆಂಗೆಟಿಯಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಆಂಟನಿ ಸಿಂಕ್ಲೇರ್ ಮತ್ತು ಸೈಮನ್ ಎಂಡುಮಾ ಅವರು ಸಹೋದ್ಯೋಗಿಗಳೊಡನೆ 40 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 1999ರಲ್ಲಿ ಕೊಟ್ಟ ಉತ್ತರ ಸರಳವಾಗಿದೆ: ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಪೋಷಣೆಯ ಕೊರತೆಯೇ ಕಾರಣ. ಬೇಸಗೆಯಲ್ಲಿ ತಲೆಗೆ ಎಷ್ಟು ಹಸಿರು ಹುಲ್ಲು ಸಿಗುತ್ತದೆ ಎಂಬುದರ ಮೇಲೆ ಹಿಂಡಿನ ಗಾತ್ರ ನಿಂತಿದೆ.

ಸತ್ತ ಪ್ರಾಣಿ ಹಸಿದಿತ್ತೇ ಎಂದು ತಿಳಿಯಲು ತಜ್ಞರು ಅದರ ಕಾಲಿನ ಮೂಳೆಯನ್ನು ಒಡೆದು ನೋಡುತ್ತಾರೆ. ಪುಷ್ಟವಾಗಿದ್ದ ಪ್ರಾಣಿಯ ಮಜ್ಜೆ ಬೆಳ್ಳಗೆ, ಗಟ್ಟಿಯಾಗಿ, ಕೊಬ್ಬಿನಿಂದ ತುಂಬಿರುತ್ತದೆ. ಹಸಿವಿನಿಂದ ಸೊರಗಿದ ಪ್ರಾಣಿ ದೇಹದ ಬೇರೆಲ್ಲ ಕೊಬ್ಬು ಕರಗಿದ ಮೇಲೆ ಮಜ್ಜೆಯ ಕೊಬ್ಬನ್ನೂ ಬಳಸಿಬಿಡುತ್ತದೆ. ಆಗ ಮೂಳೆಯೊಳಗೆ ಉಳಿಯುವುದು ಅಂಟು ಅಂಟಾದ ಲೋಳೆ ಮಾತ್ರ. ಸಿಂಹ ಹಿಡಿದ ಎಷ್ಟೋ ಪ್ರಾಣಿಗಳು ಹಸಿವಿನಿಂದ ಮೊದಲೇ ಕುಸಿದಿದ್ದವು ಎಂದು ತಿಳಿದದ್ದು ಹೀಗೆ. 1993ರ ಬರ ಈ ನಿಯಮವನ್ನು ಕಠೋರವಾಗಿ ತೋರಿಸಿಕೊಟ್ಟಿತು: ಸುಮಾರು 12 ಲಕ್ಷದಷ್ಟಿದ್ದ ಹಿಂಡು ಒಂದೇ ವರ್ಷದಲ್ಲಿ 9 ಲಕ್ಷದ ಸುಮಾರಿಗೆ ಇಳಿಯಿತು.

ಮುಂದೆ ವಿವರಿಸುವ ಬೇಲಿ, ಉಳುಮೆ, ನೀರಿನ ಅಪಾಯಗಳಿಗೆ ಇದೇ ಕೀಲಿ. ಬೇಸಗೆಯ ಹುಲ್ಲನ್ನೂ ನೀರನ್ನೂ ಯಾವುದು ಕಸಿಯುತ್ತದೋ ಅದು ಹಿಂಡಿನ ಮೇಲೆ ಎಲ್ಲ ಮೊಸಳೆಗಳಿಗಿಂತ ಭಾರವಾಗಿ ಬೀಳುತ್ತದೆ. 2022ರ ಬರದಲ್ಲಿ ಕೀನ್ಯಾದ ಬೇರೆ ಬೇರೆ ಅಭಯಾರಣ್ಯಗಳಲ್ಲಿ ಒಂಬತ್ತು ತಿಂಗಳಲ್ಲಿ 512 ವೈಲ್ಡ್‌ಬೀಸ್ಟ್‌ಗಳೂ 381 ಜೀಬ್ರಾಗಳೂ 205 ಆನೆಗಳೂ ಸತ್ತವೆಂದು ಅಲ್ಲಿನ ಸರಕಾರ ವರದಿ ಮಾಡಿತು. ಇವು ಕಣ್ಣಿಗೆ ಬಿದ್ದು ಎಣಿಸಿದ ಶವಗಳು ಮಾತ್ರ.

ದೊಡ್ಡರೋಗ ಬಂದ ದಾರಿ, ಹೋದ ದಾರಿ

ಈ ವಲಸೆಯ ಇತಿಹಾಸದಲ್ಲಿ ಅತಿ ಘೋರವಾದ ಅಧ್ಯಾಯಕ್ಕೆ ಭಾರತದ ನಂಟೂ ಇದೆ. ದನಗಳಿಗೆ ಬರುವ ರಿಂಡರ್‌ಪೆಸ್ಟ್ ಎಂಬ ವೈರಾಣು ರೋಗವನ್ನು ಕನ್ನಡದಲ್ಲಿ ದೊಡ್ಡರೋಗ ಎನ್ನುತ್ತಾರೆ. 1887ರ ಸುಮಾರಿಗೆ ಇಟಲಿಯ ಸೇನೆಗಾಗಿ ಎರಿಟ್ರಿಯಾದ ಮಸ್ಸಾವಾ ಬಂದರಿಗೆ ತಂದ ದನಗಳೊಂದಿಗೆ ಅದು ಆಫ್ರಿಕಾದ ಕೊಂಬನ್ನು ಹೊಕ್ಕಿತು. ಆ ದನಗಳು ಭಾರತದಿಂದ ಬಂದಿದ್ದವೆಂಬುದು ರೂಢಿಯಲ್ಲಿರುವ ಅಭಿಪ್ರಾಯ. ಹತ್ತೇ ವರ್ಷಗಳಲ್ಲಿ ರೋಗ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಹಾದ ದಾರಿಯಲ್ಲೆಲ್ಲ ದನಗಳಲ್ಲಿ ಹೆಚ್ಚಿನವು ಸತ್ತವು, ಅವನ್ನೇ ನಂಬಿದ್ದ ಇಥಿಯೋಪಿಯದ ರೈತರೂ ಮಸಾಯ್ ದನಗಾಹಿಗಳೂ ಕ್ಷಾಮದಲ್ಲಿ ಅಳಿದರು. ಗೊರಸು ಸೀಳಿದ ಕಾಡುಪ್ರಾಣಿಗಳಿಗೂ ಇದೇ ರೋಗ ತಗಲುತ್ತದೆ. ಕಾಡೆಮ್ಮೆಗಳೂ ವೈಲ್ಡ್‌ಬೀಸ್ಟ್‌ಗಳೂ ರಾಶಿ ರಾಶಿಯಾಗಿ ಬಿದ್ದವು.

ಮೊದಲ ಹೊಡೆತದ ಅನಂತರವೂ ರೋಗ ಹೋಗಲಿಲ್ಲ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಕೆಲವು ತಿಂಗಳುಗಳಲ್ಲಿ ಕರಗುತ್ತಿದ್ದಂತೆ ಎಳೆಯ ಪ್ರಾಣಿಗಳನ್ನು ಅದು ಪ್ರತಿವರ್ಷ ಕೊಲ್ಲುತ್ತಿತ್ತು. ಆಗಿನ ಜನ ಸೆರೆಂಗೆಟಿಯಲ್ಲಿ ಕಂಡದ್ದು ರೋಗದಿಂದ ಕುಗ್ಗಿದ ಹಿಂಡನ್ನು. ಅದನ್ನೇ ಸಹಜ ಗಾತ್ರವೆಂದು ತಿಳಿದಿದ್ದರು. 1961ರಲ್ಲಿ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ಸುಮಾರು ಎರಡೂವರೆ ಲಕ್ಷ ಮಾತ್ರ.

ಅಷ್ಟರಲ್ಲಿ ಉದ್ಯಾನದ ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕುವ ಕೆಲಸ ನಡೆದಿತ್ತು. ಕಾಡುಪ್ರಾಣಿಗಳಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಆದರೂ 1960ರ ದಶಕದ ಆರಂಭದ ವರ್ಷಗಳಲ್ಲಿ ರೋಗ ಕಾಡಿನಿಂದಲೂ ಮಾಯವಾಯಿತು. ದೊಡ್ಡರೋಗದ ನಿಜವಾದ ನೆಲೆ ದನದ ಕೊಟ್ಟಿಗೆಯೇ ಹೊರತು ಕಾಡಲ್ಲ ಎಂಬುದು ಇದರಿಂದ ಸಾಬೀತಾಯಿತು. 1977ರ ಹೊತ್ತಿಗೆ ಹಿಂಡು 13 ಲಕ್ಷವನ್ನು ಮುಟ್ಟಿತ್ತು. ಕೀನ್ಯಾದ ಮುಗುಗಾದಲ್ಲಿ ಅಂಗಾಂಶ ಕೃಷಿಯ ಮೂಲಕ ಸುಧಾರಿತ ಲಸಿಕೆಯನ್ನು ಸಿದ್ಧಪಡಿಸಿದ ಪಶುವೈದ್ಯ ವಾಲ್ಟರ್ ಪ್ಲೌರೈಟ್ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಭಾರತದಲ್ಲಿ ಈ ರೋಗದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತು ಅದರಿಂದ ಮುಕ್ತವೆಂದು ಘೋಷಿಸಲಾಯಿತು. ಸಿಡುಬಿನ ಅನಂತರ ಮನುಷ್ಯನು ನಿರ್ಮೂಲಗೊಳಿಸಿದ ಎರಡನೆಯ ರೋಗವಿದು.

ಹಿಂಡು ಐದು ಪಟ್ಟು ಬೆಳೆದಾಗ ನೆಲವೂ ಬದಲಾಯಿತು. ಹುಲ್ಲನ್ನು ಮೇದು ಮುಗಿಸುವ ಬಾಯಿಗಳು ಹೆಚ್ಚಿದವು, ಒಣಹುಲ್ಲು ಕಡಿಮೆಯಾಯಿತು, ಕಾಳ್ಗಿಚ್ಚು ತಗ್ಗಿತು, ಬೆಂಕಿಗೆ ಸಿಕ್ಕಿ ಸಾಯುತ್ತಿದ್ದ ಎಳೆಯ ಗಿಡಗಳು ಮರಗಳಾದವು. ಒಂದು ಲಸಿಕೆಯಿಂದ ಮರಗಳು ಬೆಳೆದವೆಂದರೆ ಕೇಳಲು ವಿಚಿತ್ರ. ಸೆರೆಂಗೆಟಿಯಲ್ಲಿ ಆದದ್ದು ಅದೇ.

ತಂತಿಯ ಉರುಳು

ಉದ್ಯಾನದ ಪಶ್ಚಿಮ ಅಂಚಿನ ಹಳ್ಳಿಗಳಲ್ಲಿ ಮಾಂಸಕ್ಕಾಗಿ ಉರುಳು ಒಡ್ಡುವ ರೂಢಿ ಹಳೆಯದು. ಈಗ ಬಳಸುವುದು ಲೋಹದ ತಂತಿ. ಹಳೆಯ ಟೈರು ಸುಟ್ಟು ತೆಗೆದ ತಂತಿಯೂ ಬೇಲಿಯಿಂದ ಕಿತ್ತ ತಂತಿಯೂ ಕುಣಿಕೆಯಾಗಿ ಪೊದೆಗಳ ನಡುವಿನ ಕಾಲುದಾರಿಗಳಲ್ಲಿ ತೂಗುತ್ತವೆ. ಹಿಂಡು ಹಾಯುವ ಕಾಲದಲ್ಲಿ ಒಂದೇ ಸಾಲಿನಲ್ಲಿ ಹತ್ತಾರು ಉರುಳುಗಳಿರುತ್ತವೆ. ಹೀಗೆ ಸಾಯುವ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ವರ್ಷಕ್ಕೆ 40,000 ಎಂದು ಹಿಂದಿನ ಒಂದು ಅಂದಾಜು ಹೇಳಿದರೆ, ಮನೆಮನೆಯ ಮಾಂಸ ಬಳಕೆಯನ್ನು ಆಧರಿಸಿದ ಇತ್ತೀಚಿನ ಅಂದಾಜು ಒಂದು ಲಕ್ಷದ ಸುಮಾರಿಗೆ, ಅದಕ್ಕೂ ಮೇಲೆ ಹೋಗುತ್ತದೆ. ಮಾರಾ ನದಿಯ ಸಾವುಗಳ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಬೇಕು.

ಉರುಳಿಗೆ ಬೀಳುವುದು ಬೇಕಾದ ಪ್ರಾಣಿಯೇ ಎಂದಿಲ್ಲ. ಚುಕ್ಕೆ ಕತ್ತೆಕಿರುಬಗಳು ಮರಿಗಳನ್ನು ಗುಹೆಯಲ್ಲಿ ಬಿಟ್ಟು ಹಿಂಡನ್ನು ಹುಡುಕಿಕೊಂಡು ಹತ್ತಾರು ಕಿಲೋಮೀಟರು ಹೋಗಿ ಮರಳುತ್ತವೆ. ಆ ದಾರಿಯಲ್ಲಿ ಅವೂ ಸಿಕ್ಕಿಬೀಳುತ್ತವೆ. ತಾಯಿ ಮರಳದಿದ್ದರೆ ಗುಹೆಯಲ್ಲಿರುವ ಮರಿಗಳೂ ಸಾಯುತ್ತವೆ. ಆನೆಯ ಸೊಂಡಿಲಿಗೆ, ಜಿರಾಫೆಯ ಕಾಲಿಗೆ ತಂತಿ ಕಚ್ಚಿಕೊಂಡು ವ್ರಣವಾಗುವುದೂ ಉಂಟು.

ಉರುಳು ಒಡ್ಡುವವರನ್ನು ಕೇವಲ ಅಪರಾಧಿಗಳೆಂದು ನೋಡಿದರೆ ಸಮಸ್ಯೆ ಅರ್ಥವಾಗುವುದಿಲ್ಲ. ಬಡ ಕುಟುಂಬಕ್ಕೆ ಕಾಡುಮಾಂಸ ಅಗ್ಗದ ಆಹಾರ. ವಿಕ್ಟೋರಿಯಾ ಸರೋವರದ ಮೀನು ಅದಕ್ಕೆ ಬದಲಿ. ಮೀನು ಕೈಗೆಟಕುವ ಬೆಲೆಗೆ ದೊರೆತರೆ ಕಾಡುಮಾಂಸದ ಬೇಡಿಕೆ ತಗ್ಗುತ್ತದೆ. ಸೆರೆಂಗೆಟಿಯಲ್ಲಿ ಉರುಳು ಕೀಳುವ ತಂಡಗಳು ಈಗ ಕೆಲಸ ಮಾಡುತ್ತಿವೆ, ಮತ್ತು ಆ ತಂಡಗಳಲ್ಲಿ ಸುತ್ತಲಿನ ಹಳ್ಳಿಗಳವರೂ ಇದ್ದಾರೆ. ಇದು ಸರಿಯಾದ ದಾರಿ.

ಬೇಲಿ ಮತ್ತು ನೇಗಿಲು

ಬೇಲಿ ವಲಸೆಗೆ ಏನು ಮಾಡುತ್ತದೆ ಎಂಬುದಕ್ಕೆ ಬೋಟ್ಸ್ವಾನಾ ಸಾಕ್ಷಿ. ಅಲ್ಲಿ 1950ರ ದಶಕದಿಂದ ನೂರಾರು ಕಿಲೋಮೀಟರು ಉದ್ದದ ಪಶುವೈದ್ಯಕೀಯ ಬೇಲಿಗಳನ್ನು ಎಬ್ಬಿಸಲಾಯಿತು. ಯುರೋಪಿಗೆ ದನದ ಮಾಂಸ ರಫ್ತು ಮಾಡಬೇಕಾದರೆ ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ಜ್ವರ ಹರಡಬಾರದು ಎಂಬುದು ಕಾರಣ. 1958ರಲ್ಲಿ ಹಾಕಿದ ಕುಕೆ ಬೇಲಿ ಮಧ್ಯ ಕಲಹಾರಿಯ ಉತ್ತರ ಗಡಿಯಾಯಿತು. ಮರುಭೂಮಿಯ ವೈಲ್ಡ್‌ಬೀಸ್ಟ್‌ಗಳು ಬರ ಬಂದಾಗ ನೀರಿಗಾಗಿ ಉತ್ತರಕ್ಕೆ ಹೋಗುತ್ತಿದ್ದವು. ಆ ಬೇಲಿಗಳನ್ನು ಎದುರಿಸಿ, ಅವುಗಳ ಗುಂಟ ನಡೆದು, 1960ರ ದಶಕದಲ್ಲಿಯೂ ಮತ್ತೆ 1980ರ ದಶಕದ ಆರಂಭದಲ್ಲಿಯೂ ಹತ್ತಾರು ಸಾವಿರ ಪ್ರಾಣಿಗಳು ಬಾಯಾರಿಕೆ-ಹಸಿವುಗಳಿಂದ ಸತ್ತವು. ಕಲಹಾರಿಯ ಆ ಮಹಾವಲಸೆ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಕೀನ್ಯಾದಲ್ಲಿ ಕೆಲಸ ಮಾಡಿದ್ದು ನೇಗಿಲು. ಮಸಾಯ್ ಮಾರಾದ ಈಶಾನ್ಯಕ್ಕಿರುವ ಲೊಯ್ಟಾ ಬಯಲಿನಲ್ಲಿ ವೈಲ್ಡ್‌ಬೀಸ್ಟ್‌ಗಳ ಬೇರೊಂದು ಹಿಂಡು ಮಳೆಗಾಲ ಕಳೆದು ಕರು ಹಾಕುತ್ತಿತ್ತು. ಆ ಬಯಲಿನ ಒಳ್ಳೆಯ ಮಣ್ಣಿನಲ್ಲಿ ಯಂತ್ರಗಳಿಂದ ಗೋದಿ ಬೆಳೆಯಲಾರಂಭಿಸಿದರು. 1977ರಲ್ಲಿ 1,19,000ದಷ್ಟಿದ್ದ ಆ ಹಿಂಡು 1997ರ ಹೊತ್ತಿಗೆ 22,000ಕ್ಕೆ ಇಳಿದಿತ್ತು. ಬೇಟೆಯಲ್ಲ, ರೋಗವಲ್ಲ, ಕರು ಹಾಕುವ ನೆಲ ಹೋಯಿತು, ಅಷ್ಟೇ. ನೈರೋಬಿಯ ದಕ್ಷಿಣದ ಅಥಿ-ಕಪಿಟಿ ಬಯಲಿನ ವಲಸೆಯೂ ಹೀಗೆಯೇ ಕುಸಿಯಿತು. ನಗರ ಬೆಳೆದಂತೆ ನಿವೇಶನ, ಕಾರ್ಖಾನೆ, ಕಲ್ಲುಗಣಿ, ಬೇಲಿಗಳು ಬಯಲನ್ನು ಚೂರುಚೂರಾಗಿಸಿದವು. 1970ರ ದಶಕದ ಕೊನೆಯಲ್ಲಿ 30,000ದ ಹತ್ತಿರವಿದ್ದ ವೈಲ್ಡ್‌ಬೀಸ್ಟ್‌ಗಳು 2011ರಲ್ಲಿ 3,000ಕ್ಕೂ ಕಡಿಮೆ.

ಭೂಮಿಯ ಒಡೆತನ ಬದಲಾದದ್ದು ಇದರ ಹಿಂದಿರುವ ಕಾರಣ. ಮಸಾಯ್ ಸಮುದಾಯಗಳ ಹೆಸರಿನಲ್ಲಿದ್ದ ಸಾಮೂಹಿಕ ಗೋಮಾಳಗಳು ವ್ಯಕ್ತಿಗಳ ಹೆಸರಿನ ಹಿಡುವಳಿಗಳಾಗಿ ಹಂಚಿಹೋದವು. ತನ್ನ ಪಾಲಿನ ಹುಲ್ಲನ್ನು ಕಾಪಾಡಿಕೊಳ್ಳಲು ಪ್ರತಿಯೊಬ್ಬನೂ ಬೇಲಿ ಹಾಕಿದ. ಪಕ್ಕದವನು ಹಾಕಿದ ಮೇಲೆ ತಾನು ಹಾಕದೆ ಇರುವಂತಿಲ್ಲ. ದನಗಾಹಿಯ ಕಷ್ಟವನ್ನೂ ಇಲ್ಲಿ ನೆನೆಯಬೇಕು. ವೈಲ್ಡ್‌ಬೀಸ್ಟ್ ಕರುಗಳು ಹೊರಹಾಕುವ ಒಂದು ವೈರಾಣು ಅವುಗಳಿಗೆ ನಿರುಪದ್ರವಿ, ದನಗಳಿಗೆ ಮಾರಕ; ಅದರಿಂದ ಬರುವ ಜ್ವರಕ್ಕೆ ಚಿಕಿತ್ಸೆಯಿಲ್ಲ. ಆದ್ದರಿಂದ ವರ್ಷದ ಅತ್ಯುತ್ತಮ ಹುಲ್ಲು ಇರುವ ವಾರಗಳಲ್ಲಿಯೇ ಮಸಾಯ್ ಜನರು ತಮ್ಮ ದನಗಳನ್ನು ಆ ಬಯಲಿನಿಂದ ದೂರ ಹೊಡೆದುಕೊಂಡು ಹೋಗಬೇಕು. ತಲೆಮಾರುಗಳಿಂದ ಅವರು ಈ ನಷ್ಟವನ್ನು ತಾಳಿಕೊಂಡೇ ಬಂದಿದ್ದಾರೆ. ಮಾರಾ ಸುತ್ತ ಇತ್ತೀಚಿನ ದಶಕಗಳಲ್ಲಿ ರೂಪುಗೊಂಡ ಸಮುದಾಯ ಸಂರಕ್ಷಣಾ ವಲಯಗಳಲ್ಲಿ ಭೂಮಾಲಿಕರು ಬೇಲಿ ಹಾಕದೆ ನೆಲವನ್ನು ಬಿಟ್ಟುಕೊಟ್ಟರೆ ಪ್ರವಾಸೋದ್ಯಮದಿಂದ ತಿಂಗಳ ಬಾಡಿಗೆ ಸಿಗುತ್ತದೆ. ವ್ಯವಸ್ಥೆ ನ್ಯಾಯವಾದದ್ದು, ಆದರೆ ದುರ್ಬಲ. 2020ರ ಕೊರೊನಾ ಕಾಲದಲ್ಲಿ ಪ್ರವಾಸಿಗರು ನಿಂತಾಗ ಬಾಡಿಗೆಯ ಬುಡವೇ ಅಲುಗಾಡಿತು.

ರಸ್ತೆ

2010ರಲ್ಲಿ ತಾಂಜಾನಿಯ ಸರಕಾರ ಉತ್ತರ ಸೆರೆಂಗೆಟಿಯ ಮೂಲಕ ವಾಣಿಜ್ಯ ಹೆದ್ದಾರಿಯನ್ನು ಪ್ರಕಟಿಸಿತು. ಉದ್ಯಾನದೊಳಗೆ ಅದರ ಉದ್ದ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಹಿಂಡು ಮಾರಾ ನದಿಗೆ ಹೋಗುವ ದಾರಿಗೆ ಅದು ಅಡ್ಡ. ರಸ್ತೆಯಿಂದ ನೇರವಾಗಿ ಸಾಯುವ ಪ್ರಾಣಿಗಳಿಗಿಂತ ಮುಂದಿನ ಹೆಜ್ಜೆಯ ಭಯವೇ ದೊಡ್ಡದು. ಲಾರಿಗಳು ವೇಗವಾಗಿ ಓಡತೊಡಗಿದರೆ ಅಪಘಾತ ತಡೆಯಲು ಬೇಲಿ ಬರುತ್ತದೆ, ಬೇಲಿ ಬಂದರೆ ಬೇಸಗೆಯ ನೀರು ಕೈತಪ್ಪುತ್ತದೆ. ಹೀಗೆ ತಡೆ ಬಿದ್ದರೆ ಹಿಂಡು ಮೂರರಲ್ಲಿ ಒಂದು ಪಾಲು ಕುಗ್ಗಬಹುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಪ್ರಾಣಿದಯಾ ಸಂಘಟನೆಯೊಂದು ಹೂಡಿದ ಮೊಕದ್ದಮೆಯಲ್ಲಿ ಪೂರ್ವ ಆಫ್ರಿಕಾ ನ್ಯಾಯಾಲಯ 2014ರ ಜೂನ್‌ನಲ್ಲಿ ಉದ್ಯಾನದೊಳಗೆ ಡಾಂಬರು ರಸ್ತೆ ಮಾಡುವುದು ಕಾನೂನುಬಾಹಿರವೆಂದು ತೀರ್ಪು ಕೊಟ್ಟಿತು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರದ ನಿಷೇಧವನ್ನು ಕಂಡಿರುವ ಕನ್ನಡಿಗರಿಗೆ ಈ ವಾದದ ಎರಡೂ ಕಡೆಗಳು ಪರಿಚಿತ.

ನದಿಯ ಮೂಲದಲ್ಲಿ

ಬೇಸಗೆಯಲ್ಲಿ ಇಡೀ ಹಿಂಡಿಗೆ ನಂಬಿಕೆಯ ನೀರೆಂದರೆ ಮಾರಾ ಒಂದೇ. ಅದು ಹುಟ್ಟುವ ಮೌ ಅರಣ್ಯ ಉದ್ಯಾನದ ಹೊರಗಿದೆ, ಬಹು ದೂರದಲ್ಲಿದೆ. ಕಳೆದ ಕೆಲವು ದಶಕಗಳಲ್ಲಿ ಒತ್ತುವರಿ, ಮರ ಕಡಿತ, ಕೃಷಿಗಳಿಂದ ಆ ಕಾಡಿನ ದೊಡ್ಡ ಭಾಗ ಅಳಿದಿದೆ. ಕಾಡು ಮಳೆಯನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಕಾಡು ಹೋದರೆ ಮಳೆಗಾಲದಲ್ಲಿ ನೆರೆ ಜೋರು, ಬೇಸಗೆಯಲ್ಲಿ ಹರಿವು ತೆಳು. ಮಧ್ಯದಲ್ಲಿ ನೀರಾವರಿ ಜಮೀನುಗಳೂ ಪಾಲು ತೆಗೆದುಕೊಳ್ಳುತ್ತವೆ. ಬರಗಾಲದಲ್ಲಿ ಮಾರಾ ಬತ್ತಿದರೆ ಆಗುವ ಸಾವುಗಳನ್ನು ಸಾವಿರಗಳಲ್ಲಲ್ಲ, ಲಕ್ಷಗಳಲ್ಲಿ ಎಣಿಸಬೇಕಾಗುತ್ತದೆ. ನದಿಯಲ್ಲಿ ನೀರು ಹೆಚ್ಚಿದಾಗ ಮುಳುಗುವ ಹಿಂಡನ್ನು ಜಗತ್ತು ನೋಡುತ್ತದೆ. ಭಯಪಡಬೇಕಾದದ್ದು ನೀರಿಲ್ಲದ ನದಿಗೆ.

ಎಣಿಕೆಯ ಪ್ರಶ್ನೆ

ಈ ಹಿಂಡನ್ನು ಎಣಿಸುವ ಕೆಲಸ 1950ರ ದಶಕದಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಗ್ಝಿಮೆಕ್ ಮತ್ತು ಅವರ ಮಗ ಮಿಖಾಯೆಲ್ ಅವರ ಪುಟ್ಟ ವಿಮಾನದಿಂದ ಆರಂಭವಾಯಿತು. 1959ರ ಜನವರಿಯಲ್ಲಿ ಆ ವಿಮಾನ ರಣಹದ್ದಿಗೆ ಡಿಕ್ಕಿ ಹೊಡೆದು ಬಿದ್ದು ಮಿಖಾಯೆಲ್ ಸತ್ತರು. ಅಂದಿನಿಂದ ವಿಮಾನದಿಂದ ತೆಗೆದ ಚಿತ್ರಗಳ ಮಾದರಿ ಗಣತಿಯೇ ಪ್ರಮಾಣ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಪಗ್ರಹ ಚಿತ್ರಗಳಲ್ಲಿ ಕಂಡ ಪ್ರಾಣಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಎಣಿಸಿ, ವಲಸೆಯ ಹಿಂಡು 6 ಲಕ್ಷಕ್ಕಿಂತ ಕಡಿಮೆ ಎಂದಿತು. ಹಿಂಡು ಅರ್ಧಕ್ಕಿಳಿದಿದೆ ಎಂದು ಇದರ ಅರ್ಥವಲ್ಲ. ಚಿತ್ರದ ವ್ಯಾಪ್ತಿಯ ಹೊರಗೆ, ಮರಗಳ ಕೆಳಗೆ ಪ್ರಾಣಿಗಳು ಇದ್ದಿರಬಹುದು, ಹಳೆಯ ವಿಧಾನವೇ ಹೆಚ್ಚು ಎಣಿಸಿರಬಹುದು. ಆದರೂ ಹಳೆಯ ಅಂಕಿಯನ್ನು ನಿಶ್ಚಿಂತೆಯಿಂದ ಹೇಳುವ ಕಾಲ ಇದಲ್ಲ. ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಅದೇ ರಕ್ಷಣೆಯಾಗದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಸ್ಪ್ರಿಂಗ್‌ಬಕ್‌ಗಳ ವಲಸೆ ಉದಾಹರಣೆ. 19ನೆಯ ಶತಮಾನದಲ್ಲಿ ದಿಗಂತದಿಂದ ದಿಗಂತಕ್ಕೆ ಹಬ್ಬುತ್ತಿದ್ದ ಆ ಹಿಂಡುಗಳ ಮಹಾಯಾತ್ರೆ 1890ರ ದಶಕದಲ್ಲಿ ಕೊನೆಗೊಂಡಿತು. ಇನ್ನೊಂದೆಡೆ ದಕ್ಷಿಣ ಸೂಡಾನಿನಲ್ಲಿ ಬಿಳಿಕಿವಿಯ ಕಾಬ್ ಮೊದಲಾದ ಆಂಟಿಲೋಪ್‌ಗಳ ಸುಮಾರು 60 ಲಕ್ಷದ ವಲಸೆ ಇದೆಯೆಂದು 2024ರಲ್ಲಿ ಪ್ರಕಟವಾಯಿತು. ಹಲವು ದಶಕಗಳ ಅಂತರ್ಯುದ್ಧವನ್ನು ದಾಟಿ ಉಳಿದ ಆ ಹಿಂಡಿಗೆ ಈಗ ಬಂದೂಕು ಮತ್ತು ಮೋಟಾರುಬೈಕುಗಳ ವಾಣಿಜ್ಯ ಬೇಟೆ ಎದುರಾಗಿದೆ.

ಬೇಲಿ ತೆಗೆದ ಮೇಲೆ

ಬೇಲಿಗಳು ಕಲಹಾರಿಯ ವಲಸೆಯನ್ನು ಕೊಂದ ಬೋಟ್ಸ್ವಾನಾದಲ್ಲಿಯೇ ನಡೆದ ಇನ್ನೊಂದು ಘಟನೆಯಿದೆ. ಒಕವಾಂಗೊ ಜೌಗಿನಿಂದ ಮಕ್ಗಾಡಿಕ್ಗಾಡಿ ಹುಲ್ಲುಗಾವಲಿಗೆ ಜೀಬ್ರಾಗಳು ಹೋಗುತ್ತಿದ್ದ ದಾರಿಗೆ 1968ರಲ್ಲಿ ಪಶುವೈದ್ಯಕೀಯ ಬೇಲಿ ಬಿದ್ದಿತ್ತು. 2004ರಲ್ಲಿ ಅದನ್ನು ಕಿತ್ತುಹಾಕಿದರು. ಜೀಬ್ರಾದ ಆಯುಸ್ಸು ಹೆಚ್ಚೆಂದರೆ ಇಪ್ಪತ್ತು ವರ್ಷದಷ್ಟು; ಎಂದರೆ ಆ ದಾರಿಯಲ್ಲಿ ಹಿಂದೆ ನಡೆದಿದ್ದ ಒಂದೂ ಪ್ರಾಣಿ ಆಗ ಉಳಿದಿರಲಿಲ್ಲ, ಮರಿಗೆ ತೋರಿಸಿಕೊಡಬಲ್ಲ ತಾಯಿಯೂ ಇರಲಿಲ್ಲ. ಕೆಲವು ವರ್ಷಗಳ ಅನಂತರ ಸಂಶೋಧಕರು ಒಕವಾಂಗೊದ ಜೀಬ್ರಾಗಳ ಕೊರಳಿಗೆ ಉಪಗ್ರಹ ಸಂಕೇತ ಕಳಿಸುವ ಪಟ್ಟಿ ತೊಡಿಸಿದರು. ಮಳೆ ಬಿದ್ದೊಡನೆ ಅವುಗಳಲ್ಲಿ ಕೆಲವು ಪೂರ್ವಕ್ಕೆ ಹೊರಟವು, ಮಕ್ಗಾಡಿಕ್ಗಾಡಿಯ ಹುಲ್ಲಿನಲ್ಲಿ ಮಳೆಗಾಲ ಕಳೆದು ಮರಳಿದವು. ಹೋಗಿ ಬಂದ ದೂರ 588 ಕಿಲೋಮೀಟರು.